ವಿಮಾನ ನಿರ್ವಹಣೆಯಲ್ಲಿ ಮಾನವ ದೋಷ

ವಿಮಾನ ನಿರ್ವಹಣೆಯಲ್ಲಿ ಮಾನವ ದೋಷ ಎಂದರೆ ವಿಮಾನದ ತಪಾಸಣೆ, ದುರಸ್ತಿ ಅಥವಾ ಬಿಡಿಭಾಗಗಳ ಬದಲಾವಣೆಯ ಸಂದರ್ಭದಲ್ಲಿ ತಂತ್ರಜ್ಞರಿಂದ ಉದ್ದೇಶಪೂರ್ವಕವಲ್ಲದೆ ಘಟಿಸುವ ತಪ್ಪು. ತಪ್ಪು ಬಿಡಿಭಾಗವನ್ನು ಜೋಡಿಸುವುದು, ಮಾಡಬೇಕಾದ ಕೆಲಸವೊಂದನ್ನು ಮರೆಯುವುದು, ಬಿರುಕನ್ನು ಗುರುತಿಸದಿರುವುದು ಇದರ ಸಾಮಾನ್ಯ ರೂಪಗಳು. ಇಂತಹ ದೋಷವು ಕೂಡಲೇ ಗೋಚರಿಸದೆ ಹಲವು ಗಂಟೆಗಳ, ಕೆಲವೊಮ್ಮೆ ವರ್ಷಗಳ ನಂತರ ಅಪಘಾತಕ್ಕೆ ಕಾರಣವಾಗಬಹುದು.

ಪ್ರಮುಖ ಘಟನೆಗಳು

ಜಪಾನ್ ಏರ್‌ಲೈನ್ಸ್ ೧೨೩ (೧೯೮೫): ೧೯೭೮ರಲ್ಲಿ ಒಸಾಕಾದಲ್ಲಿ ಇಳಿಯುವಾಗ ಈ ಬೋಯಿಂಗ್ ೭೪೭ ವಿಮಾನದ ಬಾಲದ ಭಾಗವು ಓಡುದಾರಿಗೆ ತಾಗಿ ಹಾನಿಗೊಂಡಿತ್ತು. ಅದರ ಹಿಂಬದಿಯ ಒತ್ತಡ ತಡೆಗೋಡೆಯ ದುರಸ್ತಿಯಲ್ಲಿ ಜೋಡಣೆಯ ಫಲಕವನ್ನು ಅಖಂಡವಾಗಿ ಬಳಸದೆ ಎರಡು ತುಂಡುಗಳಾಗಿ ಬಳಸಲಾಯಿತು. ಇದರಿಂದ ಎರಡು ಸಾಲು ರಿವೆಟ್‌ಗಳು ಹೊರಬೇಕಾದ ಭಾರವು ಒಂದೇ ಸಾಲಿನ ಮೇಲೆ ಬಿದ್ದಿತು. ಏಳು ವರ್ಷಗಳ ನಂತರ, ೧೯೮೫ರ ಆಗಸ್ಟ್ ೧೨ರಂದು, ಹಾರಾಟದಲ್ಲಿ ಆ ಗೋಡೆ ಒಡೆದು ವಿಮಾನವು ಪತನಗೊಂಡಿತು. ವಿಮಾನದಲ್ಲಿದ್ದ ೫೨೪ ಜನರಲ್ಲಿ ೫೨೦ ಮಂದಿ ಮೃತಪಟ್ಟರು.

ಬ್ರಿಟಿಷ್ ಏರ್‌ವೇಸ್ ೫೩೯೦ (೧೯೯೦): ಜೂನ್ ೧೦ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಾಗಾಕ್ಕೆ ಹೊರಟ ಈ ವಿಮಾನವು ಸುಮಾರು ೧೭,೩೦೦ ಅಡಿ ಎತ್ತರದಲ್ಲಿದ್ದಾಗ ಚಾಲಕನ ಮುಂದಿನ ಗಾಜು ಕಿತ್ತುಹೋಯಿತು. ಮುಖ್ಯ ಚಾಲಕನ ದೇಹದ ಅರ್ಧಭಾಗ ಹೊರಕ್ಕೆ ಸೆಳೆಯಲ್ಪಟ್ಟಿತು. ಸಿಬ್ಬಂದಿ ಅವರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಸಹಚಾಲಕ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕುಳಿದರು. ಹಾರಾಟಕ್ಕೆ ೨೭ ಗಂಟೆ ಮುಂಚೆ ಆ ಗಾಜನ್ನು ಬದಲಾಯಿಸಲಾಗಿತ್ತು. ಅದರ ೯೦ ಬೋಲ್ಟ್‌ಗಳಲ್ಲಿ ೮೪ ಬೋಲ್ಟ್‌ಗಳ ವ್ಯಾಸವು ನಿಗದಿತ ಅಳತೆಗಿಂತ ಕಡಿಮೆಯಿತ್ತು. ಉಳಿದ ಆರು ಗಿಡ್ಡವಾಗಿದ್ದವು.

ಏರೋಪೆರು ೬೦೩ (೧೯೯೬): ವಿಮಾನವನ್ನು ತೊಳೆಯುವಾಗ ವಾಯುಒತ್ತಡವನ್ನು ಅಳೆಯುವ ರಂಧ್ರಗಳಿಗೆ ಅಂಟುಪಟ್ಟಿ ಹಚ್ಚಿ, ನಂತರ ಅದನ್ನು ತೆಗೆಯಲು ಮರೆಯಲಾಯಿತು. ಎತ್ತರ ಹಾಗೂ ವೇಗವನ್ನು ತೋರುವ ಉಪಕರಣಗಳು ತಪ್ಪು ಮಾಹಿತಿ ನೀಡಿದ್ದರಿಂದ ವಿಮಾನವು ರಾತ್ರಿಯ ಕತ್ತಲಲ್ಲಿ ಪೆಸಿಫಿಕ್ ಸಾಗರಕ್ಕೆ ಬಿದ್ದು, ಅದರಲ್ಲಿದ್ದ ೭೦ ಮಂದಿಯೂ ಮೃತಪಟ್ಟರು.

ಕಾರಣಗಳು

ಈ ದೋಷಗಳನ್ನು ಕೇವಲ ವ್ಯಕ್ತಿಯ ಅಜಾಗರೂಕತೆಯೆಂದು ಪರಿಗಣಿಸುವುದು ಅಪೂರ್ಣವಾಗುತ್ತದೆ. ೧೯೯೦ರ ಘಟನೆಯಲ್ಲಿ ಗಾಜನ್ನು ಬದಲಾಯಿಸಿದವರು ಅನುಭವಿ ಪಾಳಿ ಮೇಲ್ವಿಚಾರಕರು. ಸಿಬ್ಬಂದಿಯ ಕೊರತೆಯಿಂದ ರಾತ್ರಿ ಪಾಳಿಯಲ್ಲಿ ಅವರೇ ಆ ಕೆಲಸಕ್ಕೆ ಕೈಹಾಕಿದ್ದರು. ಕೈಪಿಡಿಯ ಸಂಖ್ಯೆಯನ್ನು ಅನುಸರಿಸದೆ, ಹಳೆಯ ಬೋಲ್ಟ್‌ಗೆ ಹೋಲಿಸಿ ಮಂದ ಬೆಳಕಿನಲ್ಲಿ ಕಣ್ಣಂದಾಜಿನಿಂದ ಹೊಸದನ್ನು ಆರಿಸಿದರು. ಎರಡನೆಯವರ ಪರಿಶೀಲನೆ ಆ ಕೆಲಸಕ್ಕೆ ಕಡ್ಡಾಯವಾಗಿರಲಿಲ್ಲ. ಹೀಗೆ ಒಂದು ತಪ್ಪನ್ನು ತಡೆಯಬಹುದಾಗಿದ್ದ ವ್ಯವಸ್ಥೆಗಳೂ ವಿಫಲವಾದವು.

ಕೆನಡಾದ ಸಾರಿಗೆ ಇಲಾಖೆಯಲ್ಲಿ ಗಾರ್ಡನ್ ಡುಪಾಂಟ್ ೧೯೯೩ರಲ್ಲಿ ಇಂತಹ ಹನ್ನೆರಡು ಕಾರಣಗಳನ್ನು ಪಟ್ಟಿ ಮಾಡಿದರು. ಸಂವಹನದ ಕೊರತೆ, ಅತಿಯಾದ ಆತ್ಮತೃಪ್ತಿ, ಆಯಾಸ, ಗಮನಭಂಗ, ಅವಸರದ ಒತ್ತಡ, ಕೆಲಸದ ಸ್ಥಳದಲ್ಲಿ ಬೇರೂರಿದ ತಪ್ಪು ರೂಢಿಗಳು ಅವುಗಳಲ್ಲಿ ಸೇರಿವೆ.

ತಡೆಗಟ್ಟುವ ಕ್ರಮಗಳು

ಸುರಕ್ಷತೆಯ ದೃಷ್ಟಿಯಿಂದ ನಿರ್ಣಾಯಕವಾದ ಕೆಲಸವನ್ನು ಬೇರೊಬ್ಬರು ಸ್ವತಂತ್ರವಾಗಿ ಪರಿಶೀಲಿಸುವುದು, ಪಾಳಿ ಬದಲಾಗುವಾಗ ಬಾಕಿ ಕೆಲಸವನ್ನು ಲಿಖಿತವಾಗಿ ಒಪ್ಪಿಸುವುದು, ಉಪಕರಣಗಳನ್ನು ಎಣಿಸಿ ಹಿಂದಿರುಗಿಸುವುದು ಹಾಗೂ ಬಿಡಿಭಾಗದ ಸಂಖ್ಯೆಯನ್ನು ಕೈಪಿಡಿಯೊಂದಿಗೆ ತಾಳೆ ನೋಡುವುದು ಮುಖ್ಯ ಕ್ರಮಗಳು. ತಂತ್ರಜ್ಞರು ತಮ್ಮ ತಪ್ಪನ್ನು ಶಿಕ್ಷೆಯ ಭಯವಿಲ್ಲದೆ ವರದಿ ಮಾಡುವ ವಾತಾವರಣವೂ ಅಗತ್ಯ. ಮುಚ್ಚಿಟ್ಟ ತಪ್ಪಿನಿಂದ ಇತರರು ಪಾಠ ಕಲಿಯಲಾರರು. ಅದೇ ತಪ್ಪು ಮತ್ತೊಂದು ವಿಮಾನದಲ್ಲಿ ಮರುಕಳಿಸುವ ಸಾಧ್ಯತೆ ಉಳಿಯುತ್ತದೆ.