ಬಾಂಬೆ ಐವರಿ ಬಣ್ಣದ ಪಿಕಪ್: ಮಾಲೀಕರ ಜಾಡು ಹಿಡಿದು

ರಾಜರ ಕಾರಿಗೆ ಇತಿಹಾಸವಿದೆ ಎಂದರೆ ನಮ್ಮ ವಿದ್ಯಾರ್ಥಿಗಳು ಒಪ್ಪುತ್ತಾರೆ. ಸಿಮೆಂಟು ಚೀಲ, ಹುಲ್ಲಿನ ಹೊರೆ, ನೀರಿನ ಕೊಳವೆ ಹೊತ್ತ ಪಿಕಪ್ ಗಾಡಿಗೂ ಇತಿಹಾಸವಿದೆ ಎಂದರೆ ನಗುತ್ತಾರೆ. ದುಡಿಯುವ ಗಾಡಿಯನ್ನು ಯಾರೂ ಜೋಪಾನ ಮಾಡುವುದಿಲ್ಲ, ಅದರ ಕಾಗದಗಳನ್ನಂತೂ ಇನ್ನೂ ಇಲ್ಲ. ಆದ್ದರಿಂದಲೇ ಅಂಥ ಗಾಡಿಯ ಹಳೆಯ ಮಾಲೀಕರನ್ನು ಹುಡುಕುವುದು ಇತಿಹಾಸ ಕಲಿಯುವವರಿಗೆ ಒಳ್ಳೆಯ ಪಾಠ ಎಂದು ನನಗನಿಸುತ್ತದೆ. ಅಮೆರಿಕದ ಒಂದು ಅಪರೂಪದ ಪಿಕಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

1955ರ ಮಾರ್ಚ್‌ನಲ್ಲಿ ಷೆವ್ರೊಲೆ ಕಂಪನಿ 'ಕೇಮಿಯೋ ಕ್ಯಾರಿಯರ್' ಎಂಬ ಪಿಕಪ್ಪನ್ನು ಮಾರುಕಟ್ಟೆಗೆ ತಂದಿತು. ಅದರ ವಿನ್ಯಾಸಕಾರ ಚಕ್ ಜೋರ್ಡನ್. ಅದುವರೆಗೆ ಪಿಕಪ್ಪಿನ ಹಿಂಭಾಗವೆಂದರೆ ಎರಡು ಕಡೆ ಉಬ್ಬಿದ ಮಡ್ಗಾರ್ಡುಗಳ ನಡುವೆ ಕೂರಿಸಿದ ಒಂದು ಕಬ್ಬಿಣದ ಪೆಟ್ಟಿಗೆ, ಅಷ್ಟೆ. ಜೋರ್ಡನ್ ಆ ಪೆಟ್ಟಿಗೆಯ ಹೊರಗೆ ನುಣುಪಾದ ಫೈಬರ್‌ಗ್ಲಾಸ್ ಫಲಕಗಳನ್ನು ಜೋಡಿಸಿ, ಗಾಡಿಯ ಮುಂಭಾಗ ಹಿಂಭಾಗಗಳನ್ನು ಒಂದೇ ನೇರಕ್ಕೆ ತಂದರು. ಫಲಕಗಳನ್ನು ಮಾಡಿಕೊಟ್ಟದ್ದು ಒಹಾಯೋ ರಾಜ್ಯದ ಆಷ್ಟಬ್ಯೂಲಾ ಊರಿನ ಕಾರ್ಖಾನೆ. ಕಾರ್ವೆಟ್ ಎಂಬ ಪ್ರಸಿದ್ಧ ಕಾರಿನ ಮೈಯ ಭಾಗಗಳನ್ನು ತಯಾರಿಸಿದ್ದೂ ಇದೇ ಕಾರ್ಖಾನೆ. ಮೊದಲ ವರ್ಷ ಗಾಡಿಗೆ ಇದ್ದದ್ದು ಒಂದೇ ಬಣ್ಣ: ಬಿಳಿಗೆ ಹತ್ತಿರದ ದಂತವರ್ಣ, ಅಲ್ಲಲ್ಲಿ ಕೆಂಪು. ಆ ದಂತವರ್ಣಕ್ಕೆ ಕಂಪನಿ ಇಟ್ಟ ಹೆಸರು 'ಬಾಂಬೆ ಐವರಿ'. ನಮ್ಮ ಕಡಲತೀರದ ಊರಿನ ಹೆಸರು ಹೊತ್ತು ಆ ಗಾಡಿಗಳು ಅಲ್ಲಿಯ ಜೋಳದ ಹೊಲಗಳ ನಡುವೆ ಓಡಾಡಿದವು.

ಸಾಮಾನ್ಯ ಅರ್ಧ ಟನ್ ಪಿಕಪ್ಪಿಗೆ ಸುಮಾರು ಒಂದೂವರೆ ಸಾವಿರ ಡಾಲರ್ ಇದ್ದಾಗ ಇದಕ್ಕೆ ಎರಡು ಸಾವಿರದ ಹತ್ತಿರ. ರೈತನಿಗೆ ಅದು ದುಬಾರಿ. 1955ರಲ್ಲಿ 5,220 ಗಾಡಿಗಳಾದವು, ಮರುವರ್ಷ 1,452ಕ್ಕೆ ಇಳಿಯಿತು. 1958ರಲ್ಲಿ ಪೂರ್ತಿ ಉಕ್ಕಿನ 'ಫ್ಲೀಟ್‌ಸೈಡ್' ಬಂದ ಮೇಲೆ ಕೇಮಿಯೋ ನಿಂತುಹೋಯಿತು. ಒಟ್ಟು ಸುಮಾರು 10,300 ಗಾಡಿಗಳು. ಉಳಿದವಕ್ಕೆ ಇಂದು ಬೆಲೆ ಬಂದಿದೆ. ಬೆಲೆ ಬಂದಲ್ಲಿ ಸುಳ್ಳೂ ಬರುತ್ತದೆ. "ಇದು ಒಬ್ಬರೇ ಮಾಲೀಕರ ಗಾಡಿ" ಎಂಬ ಮಾತನ್ನು ಪರೀಕ್ಷಿಸುವುದು ಹೇಗೆ?

ಮೊದಲ ಸಾಕ್ಷಿ ಚಾಲಕನ ಬಾಗಿಲಿನ ಕಂಬಕ್ಕೆ ಹೊಡೆದ ಚಿಕ್ಕ ಲೋಹದ ತಗಡು. ಇಂದಿನ ಹದಿನೇಳು ಅಕ್ಷರಗಳ ಸಂಖ್ಯೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. 1955ರ ತಗಡಿನ ಸಂಖ್ಯೆ ಚಿಕ್ಕದು. ಅದರಲ್ಲಿ ವರ್ಷ, ಕಾರ್ಖಾನೆಯ ಅಕ್ಷರ, ಕ್ರಮಸಂಖ್ಯೆ ಇರುತ್ತವೆ. 'ಕೆ' ಎಂದರೆ ಕಾನ್ಸಾಸ್ ಸಿಟಿ, 'ಎಫ್' ಎಂದರೆ ಫ್ಲಿಂಟ್, 'ಜೆ' ಎಂದರೆ ಜೇನ್ಸ್‌ವಿಲ್. ಗಾಡಿ ಹುಟ್ಟಿದ ಊರು ತಿಳಿಯಿತು, ಕೊಂಡವನ ಹೆಸರು ಅದರಲ್ಲಿಲ್ಲ.

ಎರಡನೆಯದು 'ಟೈಟಲ್' ಎಂಬ ಮಾಲೀಕತ್ವದ ಪತ್ರ. (ಮಾಲೀಕ, ವಾರಸುದಾರ, ದಾಖಲೆ, ದಸ್ತಾವೇಜು, ಈ ಮಾತುಗಳೆಲ್ಲ ಅರಬಿ ಪಾರಸಿಯಿಂದ ಕಚೇರಿಯ ದಾರಿಯಲ್ಲಿ ಕನ್ನಡಕ್ಕೆ ಬಂದವು. ಉರ್ದು ತರಗತಿಯಿಂದ ಕನ್ನಡ ತರಗತಿಗೆ ಹೋಗುವಾಗ ನಾನು ಇವನ್ನು ಬದಲಾಯಿಸಬೇಕಾಗಿಲ್ಲ!) ಟೈಟಲ್ ಕೊಡುವುದು ಆಯಾ ರಾಜ್ಯ, ನಿಯಮವೂ ಒಂದೊಂದು ರಾಜ್ಯಕ್ಕೆ ಒಂದೊಂದು. ನ್ಯೂಯಾರ್ಕ್ ರಾಜ್ಯವಂತೂ 1972 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಟೈಟಲ್ ಕೊಡುವುದೇ ಇಲ್ಲ, ನೋಂದಣಿ ಚೀಟಿಯೇ ಅಲ್ಲಿ ಆಧಾರ. ಕ್ಯಾಲಿಫೋರ್ನಿಯಾದಲ್ಲಿ ನಂಬರ್ ಫಲಕ ಮಾಲೀಕನ ಜೊತೆ ಹೋಗದೆ ಗಾಡಿಯೊಂದಿಗೇ ಉಳಿಯುತ್ತದೆ. 1963ರಿಂದ ಆ ದಶಕದ ಕೊನೆಯವರೆಗೆ ಕೊಟ್ಟದ್ದು ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರದ ಫಲಕ. ಅದು ಗಾಡಿಯ ಮೇಲಿದ್ದರೆ ಆ ವರ್ಷಗಳಲ್ಲಿ ಗಾಡಿ ಅಲ್ಲಿತ್ತು ಎಂದು ಊಹಿಸಬಹುದು. ಊಹೆ ಮಾತ್ರ, ಏಕೆಂದರೆ ಹಳೆಯ ಫಲಕವನ್ನು ಸಂತೆಯಲ್ಲಿ ಕೊಂಡು ಹಳೆಯ ಗಾಡಿಗೆ ನೋಂದಾಯಿಸಲೂ ಅಲ್ಲಿ ಅವಕಾಶವಿದೆ.

ಹಾಗಾದರೆ ಇಲಾಖೆಯನ್ನೇ ಕೇಳಬಾರದೇ? ಒಂದು ಕಾಲದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಅದು ಸುಲಭವಿತ್ತು. 1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಬೆಕಾ ಷೇಫರ್ ಎಂಬ ಇಪ್ಪತ್ತೊಂದು ವರ್ಷದ ನಟಿಯನ್ನು ಅವರ ಮನೆಯ ಬಾಗಿಲಲ್ಲೇ ಒಬ್ಬ ಗುಂಡಿಟ್ಟು ಕೊಂದ. ಬಹುಕಾಲ ಆಕೆಯ ಬೆನ್ನುಬಿದ್ದಿದ್ದ ಅವನಿಗೆ ವಿಳಾಸ ಸಿಕ್ಕಿದ್ದು ಖಾಸಗಿ ಪತ್ತೇದಾರನೊಬ್ಬನ ಮೂಲಕ, ರಾಜ್ಯದ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ. 1994ರಲ್ಲಿ ಅಮೆರಿಕದ ಸಂಸತ್ತು ಚಾಲಕರ ಖಾಸಗಿತನ ರಕ್ಷಣಾ ಕಾನೂನನ್ನು ಮಾಡಿತು. ಅಂದಿನಿಂದ ಹೆಸರು ವಿಳಾಸಗಳನ್ನು ಕಾನೂನು ಒಪ್ಪಿದ ಕೆಲವು ಕಾರಣಗಳಿಗೆ, ಇಲ್ಲವೆ ಆ ವ್ಯಕ್ತಿಯ ಒಪ್ಪಿಗೆ ಇದ್ದರೆ ಮಾತ್ರ ಕೊಡುತ್ತಾರೆ. ಹಳೆಯ ಗಾಡಿಯ ಕುತೂಹಲ ಆ ಕಾರಣಗಳಲ್ಲಿ ಸೇರಿಲ್ಲ. ಪಿಕಪ್ಪಿನ ಇತಿಹಾಸಕ್ಕೆ ಇದು ನಷ್ಟವೇ. ಆದರೂ ಆ ಬಾಗಿಲು ಮುಚ್ಚಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ಹುಡುಕುವವರು ಸುತ್ತುದಾರಿ ಹಿಡಿಯುತ್ತಾರೆ. ಈಗಿನ ಮಾಲೀಕನಿಂದ ಹಿಂದಕ್ಕೆ ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯವರಿಗೆ ನಾನೊಮ್ಮೆ ಇದೇ ಕೆಲಸ ಕೊಟ್ಟಿದ್ದೆ: ಮನೆಯಲ್ಲಿರುವ ಸೆಕೆಂಡ್ ಹ್ಯಾಂಡ್ ಗಾಡಿಯ ಹಿಂದಿನ ಮಾಲೀಕರ ಪಟ್ಟಿ ಮಾಡಿ ಎಂದು. ಹೆಚ್ಚಿನವರು ಎರಡನೆಯ ಹೆಸರಿಗೇ ನಿಂತರು. "ಅದಕ್ಕಿಂತ ಹಿಂದಿನದು ಬ್ರೋಕರ್‌ಗೆ ಗೊತ್ತು ಸಾರ್" ಎಂದರು. ಅಮೆರಿಕದಲ್ಲೂ ಕೊಂಡಿ ಕಳಚುವುದು ಹೆಚ್ಚಾಗಿ ವ್ಯಾಪಾರಿಯ ಅಂಗಳದಲ್ಲೇ.

ಎಲ್ಲಾದರೂ ಒಂದು ಹೆಸರು ಸಿಕ್ಕರೆ ಕೆಲಸ ಚುರುಕಾಗುತ್ತದೆ. ಸೀಟಿನಡಿಯ ರಿಪೇರಿ ರಸೀದಿ, ಕೈಪಿಡಿಯ ಮೇಲಿನ ಸಹಿ, ಏನಾದರೂ ಸಾಕು. ಅಲ್ಲಿಯ ಊರುಗಳಲ್ಲಿ ನಿವಾಸಿಗಳ ಹೆಸರು, ವೃತ್ತಿ, ವಿಳಾಸವಿರುವ ಡೈರೆಕ್ಟರಿಗಳು ಅಚ್ಚಾಗುತ್ತಿದ್ದವು, ಗ್ರಂಥಾಲಯಗಳಲ್ಲಿ ಅವನ್ನು ಈಗಲೂ ನೋಡಬಹುದು. ಅಮೆರಿಕದ ಜನಗಣತಿಯ ಹಾಳೆಗಳನ್ನು 72 ವರ್ಷಗಳ ಬಳಿಕ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿ ತೆರೆದದ್ದು 2022ರ ಏಪ್ರಿಲ್ 1ರಂದು. 1955ರಲ್ಲಿ ಕೇಮಿಯೋ ಕೊಂಡವನು ಐದು ವರ್ಷ ಮೊದಲು ಯಾವ ಬೀದಿಯಲ್ಲಿದ್ದ, ಏನು ಕೆಲಸ ಮಾಡುತ್ತಿದ್ದ, ಮನೆಯಲ್ಲಿ ಎಷ್ಟು ಜನ ಎಂಬುದನ್ನು ಈಗ ಯಾರಾದರೂ ಓದಬಹುದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಹಿಡಿಸುವ ದಾಖಲೆ ಗಾಡಿಯ ಮೈ. ಬಂಪರಿನ ತೂತು ನೋಡಿದರೆ ಹಿಂದೆ ಟ್ರೇಲರ್ ಕಟ್ಟುತ್ತಿದ್ದರೆಂದು ತಿಳಿಯುತ್ತದೆ. ಒಳಪೆಟ್ಟಿಗೆಯ ನೆಗ್ಗು ಭಾರ ಹೊತ್ತದ್ದನ್ನು ಹೇಳುತ್ತದೆ. ಬಾಗಿಲಿನ ಬಣ್ಣವನ್ನು ಉಜ್ಜುವಾಗ ಕೆಲವೊಮ್ಮೆ ಕೆಳಗಿನ ಪದರದಿಂದ ಹಳೆಯ ಅಂಗಡಿಯ ಹೆಸರೋ ಊರಿನ ಹೆಸರೋ ಮಸುಕಾಗಿ ಮೇಲೇಳುತ್ತದೆ. ಯಾವ ಇಲಾಖೆಯನ್ನೂ ಕೇಳದೆ ಮಾಲೀಕನೇ ಬರೆಸಿಟ್ಟ ಸಾಕ್ಷಿ ಅದು. ಆದರೆ ಹೆಚ್ಚಿನ ಬೆಲೆ ಸಿಗುವುದು ಕಾರ್ಖಾನೆಯಿಂದ ಈಗಷ್ಟೇ ಹೊರಬಂದಂತೆ ಬಾಂಬೆ ಐವರಿ ಹೊಳೆಯುವ ಗಾಡಿಗೆ. ಹಾಗೆ ಹೊಳೆಯಿಸಬೇಕಾದರೆ ಆ ಹೆಸರನ್ನೂ ಉಜ್ಜಿ ತೆಗೆಯಬೇಕು, ತೂತನ್ನೂ ಮುಚ್ಚಬೇಕು. ಉಪ್ಪುಕಾಗದ ಹಿಡಿಯುವ ಮೊದಲು ಬಾಗಿಲಿನ ಫೋಟೋ ತೆಗೆದು ಕಾಗದಪತ್ರಗಳ ಜೊತೆ ಇಡುವವರೂ ಇದ್ದಾರೆ. ಬಾಗಿಲಿಗೆ ಹೊಸ ಬಣ್ಣ ಬಿದ್ದ ಮೇಲೆ ಆ ಅಂಗಡಿಯವನ ಹೆಸರು ಇರುವುದು ಆ ಫೋಟೋದಲ್ಲಿ ಮಾತ್ರ.