ಐವತ್ತು, ಇಪ್ಪತ್ತೈದು, ಹನ್ನೆರಡು: ಟಿಪ್ಪುವಿನ ವಾಣಿಜ್ಯ ನಿರೂಪದ ಒಂದು ಕಲಮು

ಟಿಪ್ಪು ಸುಲ್ತಾನ್ 1793 ಮತ್ತು 1794ರಲ್ಲಿ ಹೊರಡಿಸಿದ ವಾಣಿಜ್ಯ ನಿರೂಪಗಳಲ್ಲಿ ಒಂದು ಕಲಮಿದೆ. ಸರ್ಕಾರದ ವ್ಯಾಪಾರದಲ್ಲಿ ಪ್ರಜೆಗಳೂ ಹಣ ತೊಡಗಿಸಬಹುದು ಎಂಬುದು ಅದರ ವಿಷಯ. 500 ಇಮಾಮಿ ರೂಪಾಯಿಯವರೆಗೆ (ಇಮಾಮಿ ಟಿಪ್ಪುವಿನದೇ ನಾಣ್ಯ) ಇಟ್ಟವರಿಗೆ ವರ್ಷದ ಕೊನೆಗೆ ಅಸಲಿನ ಜೊತೆ ನೂರಕ್ಕೆ 50 ಲಾಭ. 500ರಿಂದ 5,000ದವರೆಗೆ ಇಟ್ಟವರಿಗೆ 25. ಅದಕ್ಕೂ ಮೇಲ್ಪಟ್ಟವರಿಗೆ 12. ವಿಲಿಯಂ ಕಿರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುವಾಗ ಈ ನಿರೂಪಗಳನ್ನೂ ಅನುಬಂಧದಲ್ಲಿ ಸೇರಿಸಿದ. ಅಂದಿನಿಂದ ಈ ಕಲಮನ್ನು ಉದ್ಧರಿಸಿದವರು ಬಹಳ. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದವರು ವಿರಳ.

ಕೃಷ್ಣಮೂರ್ತಿಪುರಂನಲ್ಲಿ ನಡೆದ ಒಂದು ಉಪನ್ಯಾಸದಲ್ಲಿ, ಟಿಪ್ಪು ಮೈಸೂರಿನ ಕೋಲ್ಬೇರ್ ಎಂದೂ, ಈ ಕಲಮು ವಾಣಿಜ್ಯವಾದದ (ಮರ್ಕೆಂಟಿಲಿಸಂ) ಭಾರತೀಯ ರೂಪಕ್ಕೆ ಸಾಕ್ಷಿಯೆಂದೂ ಮತ್ತೊಮ್ಮೆ ಕೇಳಿದೆ. ಚಪ್ಪಾಳೆಯೂ ಬಿತ್ತು. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಆ ಮಂತ್ರಿಯ ಹೆಸರು ಹೇಳಿದರೆ ನಮ್ಮ ಚರಿತ್ರೆಗೆ ಗೌರವ ಹೆಚ್ಚುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಇದರ ಎದುರು ಬದಿಯಲ್ಲಿ ಮಾರ್ಕ್ ವಿಲ್ಕ್ಸ್ ಇದ್ದಾನೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಈತನಿಗೆ ಸುಲ್ತಾನನ ವ್ಯಾಪಾರವೆಲ್ಲ ಅವಿವೇಕವಾಗಿ ಕಂಡಿತು. ವಿಲ್ಕ್ಸನ ಇತಿಹಾಸದ ಕೊನೆಯ ಸಂಪುಟ ಹೊರಬಂದದ್ದು 1817ರಲ್ಲಿ, ಅರ್ಥಶಾಸ್ತ್ರಜ್ಞ ರಿಕಾರ್ಡೊ ಮುಕ್ತ ವ್ಯಾಪಾರದ ಪರವಾಗಿ ತುಲನಾತ್ಮಕ ಅನುಕೂಲದ ಸಿದ್ಧಾಂತ ಮಂಡಿಸಿದ ವರ್ಷವೇ. (ವಿಲ್ಕ್ಸನಿಗೆ ಸಂಬಳ ಕೊಡುತ್ತಿದ್ದ ಈಸ್ಟ್ ಇಂಡಿಯಾ ಕಂಪನಿ 1813ರವರೆಗೆ ಭಾರತದ ವ್ಯಾಪಾರದಲ್ಲಿ ಏಕಸ್ವಾಮ್ಯ ಹೊಂದಿತ್ತು, ಚೀನಾ ವ್ಯಾಪಾರದಲ್ಲಿ 1833ರವರೆಗೂ ಬಿಡಲಿಲ್ಲ. ಅರಸನ ಏಕಸ್ವಾಮ್ಯ ಅವಿವೇಕ, ಕಂಪನಿಯದು ಆಡಳಿತ!) ಹೊಗಳುವವರೂ ಹಳಿಯುವವರೂ ಒಂದೇ ತಪ್ಪು ಮಾಡಿದ್ದಾರೆ. ಈ ಕಲಮನ್ನು ವ್ಯಾಪಾರನೀತಿಯೆಂದು ಓದಿದ್ದಾರೆ. ಇದು ಸಾಲಪತ್ರ.

ಮೊದಲು ಲೆಕ್ಕ. 500 ಇಟ್ಟವನಿಗೆ 250 ಲಾಭ. 501 ಇಟ್ಟವನಿಗೆ 125 ಚಿಲ್ಲರೆ. ಒಂದು ರೂಪಾಯಿ ಹೆಚ್ಚಿಟ್ಟ ತಪ್ಪಿಗೆ ಲಾಭ ಅರ್ಧಕ್ಕಿಳಿಯಿತು. ಮತ್ತೆ 250 ಕೈಗೆ ಬರಬೇಕಾದರೆ 1,000 ಇಡಬೇಕು. 5,000ಕ್ಕೆ 1,250, 5,001ಕ್ಕೆ ಬರೀ 600. ಆ 1,250 ಮರಳಿ ಕಾಣಲು 10,400ಕ್ಕೂ ಮೇಲೆ ಇಡಬೇಕು. ಹೀಗಿರುವಾಗ 600 ರೂಪಾಯಿಯನ್ನೋ 6,000ವನ್ನೋ ಒಂದೇ ಹೆಸರಿನಲ್ಲಿ ಇಡುವ ವರ್ತಕ ಯಾರು? ಹೆಂಡತಿ, ಮಗ, ಭಾವಮೈದುನ ಎಂದು ಹಂಚಿ ಬರೆಸುತ್ತಾನೆ. ವಿಲ್ಕ್ಸನ ಪಂಥದವರು ಇಲ್ಲಿಗೇ ನಿಂತು ನಗುತ್ತಾರೆ.

ಇದನ್ನು ಈಗಿನ ಆದಾಯ ತೆರಿಗೆಯ ಸ್ಲ್ಯಾಬಿನಂತೆ ಓದಬೇಕು, ಮೊದಲ 500ಕ್ಕೆ 50, ಮುಂದಿನ 4,500ಕ್ಕೆ 25, ಉಳಿದದ್ದಕ್ಕೆ 12 ಎಂದು ವಾದಿಸುವವರಿರಬಹುದು. ಕಲಮು ಮೊತ್ತದ ಪ್ರಕಾರ ಹಣ ಇಟ್ಟವರನ್ನೇ ವರ್ಗ ಮಾಡುತ್ತದೆ, ಹಾಗಾಗಿ ಈ ಓದು ಎಳೆದು ತಂದದ್ದು. ಒಪ್ಪಿಕೊಂಡರೂ ನನ್ನ ವಾದಕ್ಕೆ ತೊಂದರೆಯಿಲ್ಲ. 20,000 ಇಟ್ಟ ಸಾಹುಕಾರನಿಗೆ ಆಗ 250, 1,125, 1,800, ಒಟ್ಟು 3,175 ಸಿಗುತ್ತದೆ. ಸರಾಸರಿ ನೂರಕ್ಕೆ 16ರೊಳಗೇ ಉಳಿಯಿತು. ಹೇಗೆ ಓದಿದರೂ ದೊಡ್ಡ ಹಣಕ್ಕೆ ಸಿಗುವುದು 12ರ ಆಸುಪಾಸು.

ಈ 12 ಎಲ್ಲಿಂದ ಬಂತು? ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಅಂಗಡಿಬೀದಿಯ ಬಡ್ಡಿ ಲೆಕ್ಕ. ಅಂದರೆ ಮೇಲಿನ ವರ್ಗದವನನ್ನು ಸುಲ್ತಾನ ಪಾಲುದಾರನೆಂದು ಎಣಿಸಲೇ ಇಲ್ಲ, ಸಾಲಗಾರ ಅಸಾಮಿ ಧನಿಗೆ ಕೊಡುವ ಬಡ್ಡಿಯನ್ನಷ್ಟೇ ತೋರಿಸಿದ. ಕೆಳಗಿನವರಿಗೆ ಕೊಡುವ 50 ಮಾತ್ರ ಯಾವ ಬಡ್ಡಿಯೂ ಅಲ್ಲ. ವ್ಯಾಪಾರ ಗೆದ್ದರೂ ಸೋತರೂ ಅಷ್ಟೇ ಎಂದು ಮುಂಚಿತವಾಗಿ ನಿಗದಿಯಾದದ್ದರಿಂದ ಅದು ವ್ಯಾಪಾರದ ಲಾಭವೂ ಅಲ್ಲ. ಗಂಧ, ಮೆಣಸು, ಏಲಕ್ಕಿಯನ್ನು ಸರ್ಕಾರವೇ ಗೊತ್ತುಮಾಡಿದ ದರಕ್ಕೆ ಕೊಂಡು ತಾನೊಬ್ಬನೇ ಮಾರುವುದರಿಂದ ಉಳಿಯುವ ಹಣದಲ್ಲಿ ಒಂದು ಪಾಲು ಅದು. ಅದನ್ನು ಕೊನೆಗೆ ತೆತ್ತವನು ಬೆಳೆಗಾರ. ಇದನ್ನು ‘ಬಡವರ ಬ್ಯಾಂಕು’ ಎಂದು ಕೊಂಡಾಡುವ ಅಭಿಮಾನಿಗಳು ಈ ಬೆಳೆಗಾರನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಕಾಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿ, ಇಬ್ಬರು ಮಕ್ಕಳನ್ನು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕೈಗೆ ಒತ್ತೆಯಿಟ್ಟ. ಮೆಣಸಿನ ನಾಡಾದ ಮಲಬಾರ್ ಹೋಯಿತು, ಕರಾವಳಿಯಲ್ಲಿ ಮಂಗಳೂರಿನ ಕಡೆಯ ಸೀಮೆ ಉಳಿಯಿತು. ಇದಾದ ಮರುವರ್ಷವೇ ನಿರೂಪ. ಖಜಾನೆ ಬರಿದಾಗಿತ್ತು, ದಂಡದ ಹಣಕ್ಕೆ ಸಾಹುಕಾರರನ್ನು ಆಗಲೇ ಹಿಂಡಿಯಾಗಿತ್ತು. ಅವರು ತಾವಾಗಿ ಬಂದು ಹಣ ಇಡುವ ಮಾತೇ ಇರಲಿಲ್ಲ. ಉಳಿದದ್ದು ಸಣ್ಣಪುಟ್ಟವರ ಗಂಟು. ಅದು ಹೊರಬರಬೇಕಾದರೆ 50ರ ಆಸೆ ತೋರಿಸಬೇಕು. ದರಗಳು ಹುಚ್ಚಲ್ಲ, ಔದಾರ್ಯವೂ ಅಲ್ಲ. ಯಾರಿಂದ ಇನ್ನೂ ಹಣ ಎತ್ತಬಹುದು ಎಂಬ ಅಂದಾಜು.

1792ಕ್ಕೆ ಮೊದಲಿನ ಟಿಪ್ಪು ಬೇರೆ ಎಂದು ಇಲ್ಲಿ ಹೇಳಲೇಬೇಕು. ಮಸ್ಕತ್‌ನಲ್ಲಿ ಕೋಠಿ ತೆರೆದದ್ದು, ಅಲ್ಲಿನ ಇಮಾಮನಿಂದ ಮೈಸೂರಿನ ಸರಕಿಗೆ ಸುಂಕದ ರಿಯಾಯಿತಿ ಪಡೆದದ್ದು, ಬೆಲೆ ಏರುವವರೆಗೆ ಗಂಧ ಮೆಣಸನ್ನು ಮಾರದೆ ಹಿಡಿದಿಡಿ ಎಂದು ಆ ಕೋಠಿಯ ಅಧಿಕಾರಿ ದರೋಗನಿಗೆ ಬರೆದದ್ದು, ಬಂಗಾಳದಿಂದ ರೇಷ್ಮೆ ಹುಳು ತರಿಸಿದ್ದು, 1786ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ರಾಯಭಾರಿಗಳನ್ನು ಕಳಿಸಿದ್ದು, ಇವೆಲ್ಲ ಒಂದು ವ್ಯಾಪಾರ ಯೋಜನೆಯೇ. ಕೋಲ್ಬೇರ್‌ನೊಡನೆ ಹೋಲಿಸುವವರು ಈ ಪತ್ರಗಳನ್ನು ಹಿಡಿದು ವಾದಿಸಿದ್ದರೆ ನಾನು ಅರ್ಧ ಒಪ್ಪುತ್ತಿದ್ದೆ.

ಪೂರ್ತಿ ಒಪ್ಪದಿರಲು ಕಾರಣ ವಾಣಿಜ್ಯವಾದದ ಇತಿಹಾಸದಲ್ಲೇ ಇದೆ. ಬೆಳ್ಳಿಯನ್ನು ಪೂರ್ವಕ್ಕೆ ಕಳಿಸಿದರೆ ದೇಶ ಬಡವಾಗುವುದಿಲ್ಲ, ತಂದ ಸರಕನ್ನು ಮರುರಫ್ತು ಮಾಡಿದರೆ ಹೆಚ್ಚು ಬೆಳ್ಳಿ ಬರುತ್ತದೆ ಎಂದು ವಾದಿಸಿದ ಥಾಮಸ್ ಮನ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ; 1664ರಲ್ಲಿ, ಅವನ ಮರಣಾನಂತರ ಅಚ್ಚಾದ ಪುಸ್ತಕ ತನ್ನ ಕಂಪನಿಯ ಪರ ವಕಾಲತ್ತು. ಆಡಮ್ ಸ್ಮಿತ್ 1776ರಲ್ಲಿ ಆ ಪದ್ಧತಿಯನ್ನು ಖಂಡಿಸಿದ್ದು ಸಹ ಅದು ವರ್ತಕರು ಸರ್ಕಾರದ ಕಿವಿಯೂದಿ ಮಾಡಿಸಿಕೊಂಡ ಕಾನೂನು ಎಂಬ ಕಾರಣಕ್ಕೆ. ಮೈಸೂರಿನಲ್ಲಿ ವರ್ತಕರು ಒಳಗಿರಲಿಲ್ಲ. ಒಂಬತ್ತು ಅಧಿಕಾರಿಗಳ ಮಂಡಳಿ ನಡೆಸಿದ್ದು ಅರಸನ ಅಂಗಡಿ. ಟಿಪ್ಪು ಸೋತ ಮೇಲೆ ಮೈಸೂರು ಸೀಮೆಯ ಸಮೀಕ್ಷೆಗೆ ಬಂದ ಬುಕಾನನ್ 1800ರಲ್ಲಿ ಬೆಂಗಳೂರಿನಲ್ಲಿ ಬರೆದುಕೊಂಡದ್ದನ್ನು ನಮ್ಮವರು ಕೃಷಿಯ ವಿವರಕ್ಕೆ ಬಳಸುತ್ತಾರೆ, ಇದಕ್ಕೆ ಬಳಸುವುದಿಲ್ಲ. ನಿಜಾಮ, ಮರಾಠ, ಆರ್ಕಾಟು ಸೀಮೆಗಳೊಂದಿಗೆ ವ್ಯಾಪಾರ ನಿಷೇಧಿಸಿದ್ದರಿಂದ ಪೇಟೆ ಹಾಳಾಯಿತು, ಸರ್ಕಾರದ ಸರಕನ್ನು ದುಬಾರಿ ದರಕ್ಕೆ ವರ್ತಕರ ಮೇಲೆ ಹೇರಲಾಗುತ್ತಿತ್ತು ಎಂಬ ದೂರು ಅಲ್ಲಿದೆ. ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇಲೆ ಬಂದವನು, ಸೋತವನ ಬಗ್ಗೆ ಒಳ್ಳೆಯದನ್ನು ಬರೆಯುವ ಅಗತ್ಯ ಅವನಿಗಿರಲಿಲ್ಲ, ನಿಜ. ಆದರೆ 50, 25, 12ರ ಇಳಿಜಾರೂ ಅವನ ವರ್ತಕರೂ ಹೇಳುತ್ತಿರುವುದು ಒಂದೇ. ದೊಡ್ಡ ಬಂಡವಾಳವನ್ನು ಈ ರಾಜ್ಯ ಜೊತೆಗಾರನಾಗಿ ಬಯಸಲಿಲ್ಲ. ಮಸ್ಕತ್‌ನಲ್ಲಿ ಮಾತ್ರ ಮಾವ್‌ಜಿ ಸೇಠ್ ಎಂಬ ದಲ್ಲಾಳಿಯಿಲ್ಲದೆ ಸುಲ್ತಾನನ ಕೆಲಸ ನಡೆಯುತ್ತಿರಲಿಲ್ಲ. ಸ್ವಂತ ರಾಜ್ಯದಲ್ಲಿ ಕೊಡದ ಜಾಗವನ್ನು ಪರದೇಶದಲ್ಲಿ ಕೊಡಬೇಕಾಯಿತು.

ಮೈಸೂರು ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಎಂ. ಎಚ್. ಗೋಪಾಲ್ 1935ರಲ್ಲಿ ಮೌರ್ಯರ ಹಣಕಾಸಿನ ಬಗ್ಗೆ, 1971ರಲ್ಲಿ ಟಿಪ್ಪುವಿನ ಮೈಸೂರಿನ ಅರ್ಥವ್ಯವಸ್ಥೆಯ ಬಗ್ಗೆ ಪುಸ್ತಕ ಬರೆದರು. ಖಜಾನೆಯ ಕಡೆಯಿಂದ ರಾಜ್ಯವನ್ನು ನೋಡುವ ಆ ಕ್ರಮಕ್ಕೆ ನಾನು ಋಣಿ, ನನ್ನ ಪಕ್ಷಪಾತವೂ ಅಲ್ಲೇ. ಅವರನ್ನು ಓದದೆ ಕೋಲ್ಬೇರ್‌ನನ್ನು ಕರೆತರುವವರೊಡನೆ ನನಗೆ ತಾಳ್ಮೆ ಕಡಿಮೆ.

ವಾಣಿಜ್ಯವಾದದ ಪಾಠಕ್ಕೆ ಹೊಂದುವ ಉದಾಹರಣೆ ಮೈಸೂರಿನಲ್ಲಿ ಬೇಕೆಂದರೆ ಗಂಧದ ಎಣ್ಣೆಯನ್ನು ನೋಡಬೇಕು. ಸರ್ಕಾರ ಹರಾಜು ಹಾಕುತ್ತಿದ್ದ ಗಂಧದ ಮರ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧ ಆ ಮಾರುಕಟ್ಟೆಯನ್ನು ಮುಚ್ಚಿತು. 1916ರಲ್ಲಿ ಬೆಂಗಳೂರಿನಲ್ಲಿ, ಆಮೇಲೆ ಮೈಸೂರಿನಲ್ಲಿ ಸರ್ಕಾರವೇ ಎಣ್ಣೆ ತೆಗೆದು ಮಾರತೊಡಗಿತು. ಕಚ್ಚಾ ಸರಕು ತಡೆದು ಸಿದ್ಧ ಸರಕು ರಫ್ತು ಮಾಡುವ ಈ ಕೆಲಸವನ್ನು ಗಂಧದ ಏಕಸ್ವಾಮ್ಯದ ಬಲದಿಂದಲೇ ಮಾಡಿದರು, ಮತ್ತು ಅದನ್ನು ಯಾವ ರೆಸಿಡೆಂಟನೂ ಅವಿವೇಕ ಎನ್ನಲಿಲ್ಲ.