ವಿಎಫ್‌ಡಿ ಮೋಟಾರುಗಳ ವಿದ್ಯುತ್ ಬ್ರೇಕಿಂಗ್

ಆವರ್ತನ ಪರಿವರ್ತಕದಿಂದ, ಅಂದರೆ ಕಾರ್ಖಾನೆಗಳಲ್ಲಿ ವಿಎಫ್‌ಡಿ ಅಥವಾ ಬರಿಯ ಡ್ರೈವ್ ಎಂದು ಕರೆಯುವ ಸಾಧನದಿಂದ ನಡೆಯುವ ಮೋಟಾರಿನ ವೇಗವನ್ನು ವಿದ್ಯುತ್ತಿನಿಂದಲೇ ತಗ್ಗಿಸುವ ಕ್ರಮ. ತಿರುಗುವ ಭಾರದಲ್ಲಿ ತುಂಬಿಕೊಂಡ ಚಲನಶಕ್ತಿಯನ್ನು ಎಲ್ಲಿಗೆ ಕಳುಹಿಸುತ್ತೇವೆ ಎಂಬುದರ ಮೇಲೆ ಇದರ ವಿಧಾನಗಳು ಬೇರೆಬೇರೆಯಾಗುತ್ತವೆ.

ಭಾರ ತಾನಾಗಿ ನಿಧಾನವಾಗುವುದಕ್ಕಿಂತ ಬೇಗ ಡ್ರೈವ್ ಆವರ್ತನವನ್ನು ಇಳಿಸಿದರೆ, ಇಂಡಕ್ಷನ್ ಮೋಟಾರಿನ ರೋಟರ್ ಸ್ಟೇಟರಿನ ಸುತ್ತುವ ಕಾಂತಕ್ಷೇತ್ರವನ್ನು ಮೀರಿ ಓಡುತ್ತದೆ. ಮೋಟಾರು ಜನರೇಟರ್ ಆಗುತ್ತದೆ. ಹುಟ್ಟಿದ ವಿದ್ಯುತ್ತು ಇನ್ವರ್ಟರ್ ಮೂಲಕ ಡ್ರೈವಿನೊಳಗಿನ ನೇರ ವಿದ್ಯುತ್ತಿನ ಕೊಂಡಿಗೆ, ಅಂದರೆ ಡಿಸಿ ಬಸ್ಸಿಗೆ ಹಿಮ್ಮರಳುತ್ತದೆ. ಸಾಮಾನ್ಯ ಡ್ರೈವಿನಲ್ಲಿ ಲೈನಿನ ಕಡೆ ಡಯೋಡ್ ರೆಕ್ಟಿಫೈಯರ್ ಇರುವುದರಿಂದ ಅದು ಅಲ್ಲಿಂದಾಚೆ ಹೋಗಲಾರದು. 415 ವೋಲ್ಟ್ ಲೈನಿನಲ್ಲಿ ಬಸ್ಸು ಸುಮಾರು 587 ವೋಲ್ಟಿನಲ್ಲಿರುತ್ತದೆ. ಏರುತ್ತ 800ರ ಆಸುಪಾಸಿಗೆ ಬಂದರೆ ಡ್ರೈವ್ ಟ್ರಿಪ್ ಆಗುತ್ತದೆ.

ಈ ಏರಿಕೆ ಎಷ್ಟು ಬೇಗ ಆಗುತ್ತದೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 2 ಕೆ.ಜಿ.-ಚದರ ಮೀಟರ್ ಜಡತ್ವದ ಭಾರ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದರಲ್ಲಿ ಸುಮಾರು 24,700 ಜೂಲ್ ಇರುತ್ತದೆ. ಡಿಸಿ ಬಸ್ಸಿನ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ 587ರಿಂದ 780 ವೋಲ್ಟಿಗೆ ಏರುವಾಗ ಹಿಡಿಯುವುದು ಬರೀ 132 ಜೂಲ್. ಉಳಿದದ್ದಕ್ಕೆ ಬೇರೆ ದಾರಿ ಬೇಕೇ ಬೇಕು. ರ್‍ಯಾಂಪ್ ಸಮಯ, ಅಂದರೆ ವೇಗ ಇಳಿಸಲು ಕೊಡುವ ಅವಧಿಯನ್ನು ಹೆಚ್ಚಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಫ್ಯಾನು, ಪಂಪುಗಳಿಗೆ ಎಷ್ಟೋ ಸಲ ಅಷ್ಟೇ ಸಾಕು.

ಬೇಗ ನಿಲ್ಲಬೇಕಾದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ರೇಕಿಂಗ್ ಚಾಪರ್ ಮತ್ತು ರೆಸಿಸ್ಟರ್. ವೋಲ್ಟೇಜು ಗೊತ್ತಾದ ಮಿತಿ ಮುಟ್ಟಿದೊಡನೆ ಚಾಪರ್ ರೆಸಿಸ್ಟರನ್ನು ಬಸ್ಸಿಗೆ ಜೋಡಿಸಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಮೇಲಿನ ಭಾರವನ್ನು ಸಮನಾಗಿ ಇಳಿಸುತ್ತ 5 ಸೆಕೆಂಡಿನಲ್ಲಿ ನಿಲ್ಲಿಸಲು ಸರಾಸರಿ 5 ಕಿಲೋವ್ಯಾಟ್ ಬೇಕು. ಆರಂಭದ ಕ್ಷಣದಲ್ಲಿ ಅದರ ಇಮ್ಮಡಿ. ತಯಾರಕರು ಹೇಳಿದ ಕನಿಷ್ಠ ಓಮ್‌ಗಿಂತ ಕಡಿಮೆಯ ರೆಸಿಸ್ಟರ್ ಹಾಕಿದರೆ ಚಾಪರಿನ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಬಿಸಿ ಮೀರಿದಾಗ ಲೈನ್ ಕಡಿಯುವ ಥರ್ಮಲ್ ಸ್ವಿಚ್ಚನ್ನು ಹಾಕದೆ ಬಿಡುವುದು ಬೆಂಕಿಯನ್ನು ಕರೆದಂತೆ.

ಡಿಸಿ ಇಂಜೆಕ್ಷನ್ನಿನಲ್ಲಿ ಸ್ಟೇಟರಿಗೆ ನೇರ ವಿದ್ಯುತ್ ಹರಿಸಿ ಕಾಂತಕ್ಷೇತ್ರವನ್ನು ನಿಶ್ಚಲಗೊಳಿಸುತ್ತಾರೆ. ಶಕ್ತಿ ರೋಟರಿನಲ್ಲೇ ಶಾಖವಾಗುತ್ತದೆ. ಹೆಚ್ಚಿನ ವೇಗದಲ್ಲಿ ಇದರ ಹಿಡಿತ ಸಡಿಲ. ಕೊನೆಯ ಕೆಲವು ಸುತ್ತುಗಳಿಗೆ ಒಳ್ಳೆಯದು. ಫ್ಲಕ್ಸ್ ಬ್ರೇಕಿಂಗ್ ಕಾಂತಪ್ರವಾಹವನ್ನು ಹೆಚ್ಚಿಸಿ ಮೋಟಾರಿನೊಳಗಿನ ನಷ್ಟವನ್ನೇ ಬಳಸಿಕೊಳ್ಳುತ್ತದೆ. ಎರಡರಲ್ಲೂ ಮೋಟಾರು ಕಾಯುತ್ತದೆ, ಆದರೆ ಶಾಫ್ಟಿನ ಫ್ಯಾನು ಅದೇ ಹೊತ್ತಿಗೆ ನಿಧಾನವಾಗುತ್ತಿರುತ್ತದೆ. ಹಾಗಾಗಿ ಪದೇ ಪದೇ ನಿಲ್ಲಿಸುವ ಯಂತ್ರಗಳಿಗೆ ಇವು ಹೊಂದುವುದಿಲ್ಲ.

ರೀಜನರೇಟಿವ್ ಡ್ರೈವಿನಲ್ಲಿ ಡಯೋಡುಗಳ ಬದಲು ಐಜಿಬಿಟಿ ಟ್ರಾನ್ಸಿಸ್ಟರುಗಳ ಸೇತುವೆಯಿದ್ದು ಶಕ್ತಿ ಲೈನಿಗೇ ಮರಳುತ್ತದೆ. ಬೆಲೆ ಹೆಚ್ಚು, ಆದರೆ ದಿನವಿಡೀ ಭಾರ ಇಳಿಸುವ ಕ್ರೇನಿಗೆ ಇದೇ ಸರಿ. ಬೆಂಗಳೂರಿನ ನಮ್ಮ ಮೆಟ್ರೋ ರೈಲುಗಳೂ ಬ್ರೇಕಿನ ಶಕ್ತಿಯನ್ನು 750 ವೋಲ್ಟಿನ ಮೂರನೇ ಹಳಿಗೆ ಮರಳಿಸುತ್ತವೆ.

ಕರೆಂಟು ಹೋದರೆ ಅಥವಾ ಡ್ರೈವ್ ಟ್ರಿಪ್ ಆದರೆ ಈ ವಿಧಾನಗಳಲ್ಲಿ ಯಾವುದನ್ನೂ ನಂಬುವಂತಿಲ್ಲ. ಲಿಫ್ಟು, ಕ್ರೇನುಗಳಲ್ಲಿ ಯಾಂತ್ರಿಕ ಬ್ರೇಕ್ ಇರಲೇಬೇಕು.